ತುಂಗಭದ್ರೆಯ ದಡದಲ್ಲಿ ತಂಗಿದವರಿಗೆ: ಮಂತ್ರಾಲಯ, ನಡುಗಡ್ಡೆಗಳು ಮತ್ತು ಆದವಾನಿ ಸೀಮೆ

ಮಂತ್ರಾಲಯಕ್ಕೆ ಬರುವ ಕನ್ನಡಿಗರಲ್ಲಿ ಹೆಚ್ಚಿನವರು ಒಂದು ರಾತ್ರಿ ತಂಗಿ, ಬೆಳಗಿನ ದರ್ಶನ ಮುಗಿಸಿ, ಪರಿಮಳ ಪ್ರಸಾದದ ಪೊಟ್ಟಣ ಹಿಡಿದು ಊರಿಗೆ ಮರಳುತ್ತಾರೆ. ಕೋಣೆ ಕೇಳುವುದು ಕನ್ನಡದಲ್ಲಿ, ಹೂವು ಕೊಳ್ಳುವುದು ಕನ್ನಡದಲ್ಲಿ, ಆಟೋದವನೊಡನೆ ಚೌಕಾಸಿ ನಡೆಯುವುದೂ ಕನ್ನಡದಲ್ಲಿಯೇ. ಹೀಗಾಗಿ ತಾವು ಕರ್ನಾಟಕದ ಗಡಿ ದಾಟಿ ಬಂದಿದ್ದೇವೆಂಬುದು ಕೆಲವರ ಅರಿವಿಗೇ ಬರುವುದಿಲ್ಲ. ಅದು ನಮಗೆ ಸಂತೋಷದ ವಿಷಯ. ಆದರೆ ಆ ಊರಿನ ಸುತ್ತ, ಒಂದು ಗಳಿಗೆಯ ಪ್ರಯಾಣದಷ್ಟು ದೂರದಲ್ಲಿ, ಸಾವಿರ ವರ್ಷಗಳ ಕನ್ನಡ ಶಾಸನಗಳೂ ದಾಸಸಾಹಿತ್ಯದ ನೆಲೆಗಳೂ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳೂ ಇದ್ದಾರೆಂಬುದನ್ನು ತಿಳಿಯದೆಯೇ ಅವರು ಹೊರಟುಬಿಡುತ್ತಾರಲ್ಲ ಎಂಬ ಕೊರಗೂ ಉಂಟು. ಮಂತ್ರಾಲಯದಲ್ಲಿಯೋ ಆದವಾನಿಯಲ್ಲಿಯೋ ಎರಡು ಮೂರು ದಿನ ಉಳಿಯಲು ಬಿಡುವಿರುವವರಿಗಾಗಿ ಈ ಬರಹವನ್ನು ಸಿದ್ಧಪಡಿಸಿದ್ದೇವೆ.

ಈ ಸೀಮೆಯ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬಹುದು. 1800ರಲ್ಲಿ ನಿಜಾಮನು ಕುಂಪಣಿ ಸರ್ಕಾರಕ್ಕೆ ಬಿಟ್ಟುಕೊಟ್ಟ ದತ್ತಮಂಡಲಗಳಲ್ಲಿ ಆದವಾನಿಯೂ ಸೇರಿತ್ತು. ಬಳಿಕ ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ತಾಲೂಕಾಗಿ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಉಳಿದ ಭಾಗ ಮೈಸೂರಿಗೆ ಬಂದಿತು. ರಾಯದುರ್ಗವು ಅನಂತಪುರ ಜಿಲ್ಲೆಗೂ ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಗೂ ಸೇರಿದವು. ಮಂತ್ರಾಲಯವು ಆಗ ಆದವಾನಿ ತಾಲೂಕಿನ ಒಂದು ಹಳ್ಳಿ. 2022ರಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾದ ಮೇಲೂ ಈ ಪ್ರದೇಶ ಕರ್ನೂಲು ಜಿಲ್ಲೆಯಲ್ಲಿಯೇ ಉಳಿದಿದೆ.

ಹೊಳೆಯ ದಡದಲ್ಲಿ

ಮಂತ್ರಾಲಯದ ಹಳೆಯ ಹೆಸರು ಮಂಚಾಲೆ. ಗ್ರಾಮದೇವತೆ ಮಂಚಾಲಮ್ಮ. ಶ್ರೀರಾಘವೇಂದ್ರಸ್ವಾಮಿಗಳು 1671ರ ಶ್ರಾವಣ ಬಹುಳ ದ್ವಿತೀಯೆಯಂದು ಇಲ್ಲಿ ವೃಂದಾವನ ಪ್ರವೇಶ ಮಾಡಿದರು. ಅಂದು ಆದವಾನಿಯನ್ನು ಆಳುತ್ತಿದ್ದವನು ಬಿಜಾಪುರದ ಸರದಾರ ಸಿದ್ದಿ ಮಸೂದ್ ಖಾನ್. ಊರನ್ನು ಸ್ವಾಮಿಗಳಿಗೆ ಬಿಟ್ಟುಕೊಟ್ಟವನು ಅವನೇ ಎಂಬುದು ಪರಂಪರೆಯ ಮಾತು. ಮಠದ ಕ್ರಮಗಳನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಮೊದಲ ಸಲ ಬರುವವರು ತಿಳಿದಿರಬೇಕಾದುದಿಷ್ಟೆ: ಮಂಚಾಲಮ್ಮನ ದರ್ಶನವಾದ ಮೇಲೆ ರಾಯರ ದರ್ಶನವೆಂಬುದು ರೂಢಿ; ಗಂಡಸರು ಅಂಗಿ ಬನಿಯನ್ ತೆಗೆದು ಒಳಗೆ ಹೋಗಬೇಕು; ಶ್ರಾವಣದ ಆರಾಧನೆಯ ದಿನಗಳಲ್ಲಿ ಮುಂಗಡವಾಗಿ ಕೋಣೆ ಗೊತ್ತುಮಾಡದೆ ಬಂದರೆ ಬಯಲೇ ಗತಿ.

ಹೊಳೆಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ಹೇಳಬೇಕು. ತುಂಗಭದ್ರೆ ಇಲ್ಲಿ ವರ್ಷದ ಬಹುಪಾಲು ಬಂಡೆ ಮರಳುಗಳ ನಡುವೆ ಸಣ್ಣಗೆ ಹರಿಯುವ ಹೊಳೆ. ಆ ಸೌಮ್ಯತೆಯನ್ನು ನಂಬಿ ನಡುಹೊಳೆಯವರೆಗೆ ನಡೆದುಹೋಗುವವರುಂಟು. ಬಂಡೆಗಳ ನಡುವಿನ ಮಡುಗಳ ಆಳ ಮೇಲಿನಿಂದ ಕಾಣದು. ಮರಳು ತೆಗೆದ ಗುಂಡಿಗಳು ಅದಕ್ಕಿಂತಲೂ ಕೆಟ್ಟವು. ಮೇಲೆ ಹೊಸಪೇಟೆಯ ಅಣೆಕಟ್ಟಿನಿಂದ ನೀರು ಬಿಟ್ಟರೆ ಇಲ್ಲಿ ಮೋಡವಿಲ್ಲದ ದಿನವೂ ಹೊಳೆ ಏರುತ್ತದೆ. 2009ರ ಅಕ್ಟೋಬರ್ 2ರಂದು ಬಂದ ಪ್ರವಾಹ ಮಠವನ್ನೂ ಊರನ್ನೂ ಮುಳುಗಿಸಿತು; ಅಂದು ವಸತಿಗೃಹಗಳ ಮಾಳಿಗೆ ಏರಿ ಜೀವ ಉಳಿಸಿಕೊಂಡ ಯಾತ್ರಿಕರಲ್ಲಿ ಕರ್ನಾಟಕದವರು ಕಡಿಮೆಯಿರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದಾಗಲೂ ಕೆಳಗಿನ ದಡದ ಊರುಗಳೆಲ್ಲ ಎಚ್ಚರದಿಂದ ಕಾಯಬೇಕಾಯಿತು. ಆದುದರಿಂದ ಮೆಟ್ಟಿಲ ಬಳಿಯೇ ಮಿಂದು ಮೇಲೆ ಬನ್ನಿ. ಮಕ್ಕಳ ಕೈ ಬಿಡಬೇಡಿ. ಸ್ಥಳೀಯರು ಬೇಡವೆಂದ ಕಡೆ ಇಳಿಯಬೇಡಿ.

ಹೊಳೆಯಾಚೆಯ ಎರಡು ತಾಣಗಳನ್ನು ಒಂದೇ ಬೆಳಗಿನಲ್ಲಿ ನೋಡಬಹುದು. ಮಾಧವರಂ ಬಳಿಯ ಸೇತುವೆ ದಾಟಿದರೆ ರಾಯಚೂರು ಜಿಲ್ಲೆ. ಗಾಣಧಾಳದ ಪಂಚಮುಖಿ ಆಂಜನೇಯ ಬಂಡೆಗಳ ನಡುವಿನ ಗುಡಿ. ರಾಯರು ಅಲ್ಲಿ ಹನ್ನೆರಡು ವರ್ಷ ತಪಸ್ಸು ಮಾಡಿದರೆಂದು ಹೇಳುತ್ತಾರೆ. ಗುಡಿಯ ಹಿಂದಿನ ದೊಡ್ಡ ಬಂಡೆಗಳನ್ನು ಹಾಸಿಗೆ, ದಿಂಬು ಎಂದು ತೋರಿಸುವ ಊರವರ ಉತ್ಸಾಹ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಆದರೆ ನಮ್ಮ ಮನಸ್ಸು ಹೆಚ್ಚು ನಿಲ್ಲುವುದು ಬಿಚ್ಚಾಲೆಯಲ್ಲಿ. ರಾಘವೇಂದ್ರ ಸ್ತೋತ್ರವನ್ನು ರಚಿಸಿದ ಅಪ್ಪಣ್ಣಾಚಾರ್ಯರ ಊರು ಅದು; ಹೊಳೆಯ ದಡದಲ್ಲಿ ಜಪದ ಕಟ್ಟೆ, ಏಕಶಿಲಾ ವೃಂದಾವನ. ಅಂಗಡಿಗಳ ಸಾಲಿಲ್ಲ, ನೂಕುನುಗ್ಗಲಿಲ್ಲ. ಇಳಿಹೊತ್ತಿನಲ್ಲಿ ಕಟ್ಟೆಯ ಮೇಲೆ ಕುಳಿತರೆ ನೀರಿನ ಸದ್ದು ಮಾತ್ರ ಕೇಳುತ್ತದೆ. ಮಂತ್ರಾಲಯದಲ್ಲಿ ಶಾಂತಿ ಸಿಗಲಿಲ್ಲವೆಂದು ಹೇಳುವವರನ್ನು ನಾವು ಇಲ್ಲಿಗೆ ಕಳುಹಿಸುತ್ತೇವೆ.

ಕುರುವಗಳು

ಹಳಗನ್ನಡದಲ್ಲಿ ನಡುಗಡ್ಡೆಗೆ ಕುರುವ ಎಂಬ ಮಾತಿದೆ. ಇಂದು ಆ ಮಾತನ್ನು ಯಾರೂ ಆಡುವುದಿಲ್ಲ. ಆದರೆ ರಾಯಚೂರು ತಾಲೂಕಿನಲ್ಲಿ ಕೃಷ್ಣೆ ಹರಡಿ ಹರಿಯುವ ಕಡೆ ಕುರುವಗಡ್ಡೆ, ಕುರ್ವಕಲಾ, ಕುರ್ವಕುರ್ದಾ ಎಂಬ ಊರ ಹೆಸರುಗಳಲ್ಲಿ ಅದು ಉಳಿದುಕೊಂಡಿದೆ. ಕುರುವದ ಅರ್ಥ ಮರೆತ ಜನ ಅದರ ಮುಂದೆ ಮತ್ತೊಮ್ಮೆ ಗಡ್ಡೆ ಎಂದು ಸೇರಿಸಿದರು.

ಕುರುವಗಡ್ಡೆಯೆಂದರೆ ಗುರುಚರಿತ್ರೆಯ ಕುರುವಪುರ. ಪೀಠಾಪುರದಲ್ಲಿ ಹುಟ್ಟಿದ ಶ್ರೀಪಾದ ಶ್ರೀವಲ್ಲಭರು ತಪಸ್ಸು ಮಾಡಿ ಅಂತರ್ಧಾನರಾದ ಸ್ಥಳವೆಂದು ದತ್ತ ಸಂಪ್ರದಾಯದವರು ಇದನ್ನು ಪೂಜಿಸುತ್ತಾರೆ. ಮಹಾರಾಷ್ಟ್ರದ ವಾಸುದೇವಾನಂದ ಸರಸ್ವತಿಗಳು, ಅಂದರೆ ಟೆಂಬೆ ಸ್ವಾಮಿಗಳು, ಇಲ್ಲಿ ಚಾತುರ್ಮಾಸ್ಯ ಕುಳಿತಿದ್ದರು. ಅವರು ಇದ್ದರೆನ್ನುವ ಗವಿಯೂ ಹಳೆಯ ಆಲದ ಮರವೂ ನೋಡಲಿವೆ. ದೇವಸ್ಥಾನ ಕರ್ನಾಟಕದ ನೆಲದಲ್ಲಿ, ಎದುರು ದಡದ ಪಂಚದೇವ ಪಹಾಡ ತೆಲಂಗಾಣದಲ್ಲಿ. ಹೀಗೆ ಆಂಧ್ರದ ಮಂತ್ರಾಲಯದಿಂದ ಬೆಳಿಗ್ಗೆ ಹೊರಟ ಯಾತ್ರಿಕ ಮಧ್ಯಾಹ್ನದೊಳಗೆ ಮೂರು ರಾಜ್ಯಗಳ ಮಣ್ಣು ತುಳಿದಿರುತ್ತಾನೆ. ಅರ್ಚನೆಯ ಸಂಸ್ಕೃತವನ್ನು ಬಿಟ್ಟರೆ ಅಂಗಳದಲ್ಲಿ ಕನ್ನಡ, ತೆಲುಗು, ಮರಾಠಿ ಮೂರೂ ಸಮನಾಗಿ ಕಿವಿಗೆ ಬೀಳುತ್ತವೆ.

ದಾಟುವುದು ದೋಣಿಯಲ್ಲಿ ಅಥವಾ ಹರಿಗೋಲಿನಲ್ಲಿ. ತೆಲುಗಿನವರು ಹರಿಗೋಲನ್ನು ಪುಟ್ಟಿ ಎನ್ನುತ್ತಾರೆ. ಇಂದಿನ ಹರಿಗೋಲು ಹಳೆಯ ಚಕ್ಕಳದ್ದಲ್ಲ, ಬಿದಿರಿನ ಹೆಣಿಗೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದದ್ದು. ಎಷ್ಟು ಜನರನ್ನು ಹತ್ತಿಸಬಹುದೆಂಬುದನ್ನು ಅಂಬಿಗ ಬಲ್ಲ. ಆದರೆ ಹಬ್ಬದ ದಿನ ಯಾತ್ರಿಕರ ಒತ್ತಾಯ ಆ ತಿಳಿವಳಿಕೆಯನ್ನು ಮೀರಿಸುವುದುಂಟು. ತುಂಬಿದ ದೋಣಿಯನ್ನು ಹೋಗಲು ಬಿಟ್ಟು ಮುಂದಿನದಕ್ಕೆ ಕಾಯುವುದರಿಂದ ಕಳೆದುಕೊಳ್ಳುವುದು ಅರ್ಧ ಗಂಟೆ ಮಾತ್ರ. ಸೂರ್ಯ ಮುಳುಗುವ ಮೊದಲೇ ಮರಳಿಬಿಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ದಡದ ಬಂಡೆಗಳ ಮೇಲೆ ಬಟ್ಟೆ ಒಗೆಯುವ, ದನ ಮೀಯಿಸುವ ಹೆಂಗಸರೂ ಹುಡುಗರೂ ಅವುಗಳ ಹೆದರಿಕೆಯಲ್ಲಿಯೇ ದಿನ ತಳ್ಳುತ್ತಾರೆ.

ಪ್ರವಾಸಿಗೆ ದೋಣಿ ಒಂದು ಸಂಭ್ರಮ. ನಡುಗಡ್ಡೆಯ ಹಳ್ಳಿಗನಿಗೆ ಅದೇ ಬದುಕಿನ ಬಾಗಿಲು. ಮೇಲಿನ ಅಣೆಕಟ್ಟುಗಳಿಂದ ನೀರು ಹೆಚ್ಚಾಗಿ ಬಿಟ್ಟಾಗ ಕುರ್ವಕಲಾದಂತಹ ಊರುಗಳು ದಿನಗಟ್ಟಲೆ ಹೊರಗಿನ ಸಂಪರ್ಕ ಕಳೆದುಕೊಳ್ಳುತ್ತವೆ. ಶಾಲೆಗೆ ಹೋಗುವ ಮಗು, ಹೆರಿಗೆಗೆ ಹೋಗಬೇಕಾದ ಹೆಂಗಸು, ಮಾರಾಟಕ್ಕೆ ಸಾಗಬೇಕಾದ ಹತ್ತಿ ಎಲ್ಲವೂ ಹೊಳೆ ಇಳಿಯುವವರೆಗೆ ಕಾಯಬೇಕು. ಸೇತುವೆಯ ಬೇಡಿಕೆ ಎಷ್ಟು ಹಳೆಯದೆಂದು ಅಲ್ಲಿನ ಹಿರಿಯರನ್ನು ಕೇಳಿದರೆ ಅವರು ನಗುತ್ತಾರೆ. ಅಲ್ಲಿಗೆ ಹೋದವರು ಗುಡಿ ನೋಡಿದ ಮೇಲೆ ಊರಿನೊಳಗೂ ಒಂದು ಸುತ್ತು ಹಾಕಿ ಬನ್ನಿ. ಚಹಾದ ಅಂಗಡಿಯಲ್ಲಿ ನಾಲ್ಕು ಮಾತಾಡಿ.

ಅದೇ ಹೊಳೆಯಲ್ಲಿರುವ ನಾರದಗಡ್ಡೆ ಇನ್ನೊಂದು ತಾಣ. ನಾರದರು ತಪಸ್ಸು ಮಾಡಿದ ಜಾಗವೆಂಬ ನಂಬಿಕೆ. ಚನ್ನಬಸವೇಶ್ವರ ಮಠವೂ ಅಲ್ಲಿದೆ.

ತುಂಗಭದ್ರೆಯಲ್ಲಿಯೂ ನಡುಗಡ್ಡೆಗಳು ಇಲ್ಲದಿಲ್ಲ. ಆದವಾನಿಯ ಪಶ್ಚಿಮಕ್ಕೆ ಸಿರುಗುಪ್ಪದ ಬಳಿ ಹೊಳೆ ಕವಲೊಡೆದು ದೇಶನೂರನ್ನು ಸುತ್ತುವರಿಯುತ್ತದೆ. ಇದು ಬಂಡೆಗಡ್ಡೆಯಲ್ಲ, ಭತ್ತ ಬೆಳೆಯುವ ನೆಲ. ವಿಜಯನಗರದ ಕಾಲದ ಕಾಲುವೆಗಳ ಸಾಲಿನಲ್ಲಿ ಸಿರುಗುಪ್ಪ ಕಾಲುವೆಯ ಜೊತೆಗೆ ದೇಶನೂರು ಕಾಲುವೆಯೂ ಸೇರಿದೆ. ಅಷ್ಟು ಹಿಂದೆ ಕಟ್ಟಿದ ಕಲ್ಲಿನ ಒಡ್ಡು ಇಂದಿಗೂ ಗದ್ದೆಗೆ ನೀರುಣಿಸುತ್ತಿರುವುದನ್ನು ಕಣ್ಣಾರೆ ಕಾಣಬಯಸುವವರು ಅಲ್ಲಿಯೇ ಹತ್ತಿರದ ಕೆಂಚನಗುಡ್ಡಕ್ಕೆ ಹೋಗಬೇಕು. ರಾಯರ ಮಠದ ಪರಂಪರೆಯ ವಸುಧೇಂದ್ರತೀರ್ಥರ ವೃಂದಾವನವೂ ಅಲ್ಲಿನ ಹೊಳೆಯ ದಡದಲ್ಲಿದೆ. ಚಿತ್ರ ತೆಗೆಯುವವರಿಗೆ ಈ ಇಡೀ ಸೀಮೆಯಲ್ಲಿ ಇದಕ್ಕಿಂತ ಹಸಿರಾದ ನೋಟ ಬೇರೆಲ್ಲಿಯೂ ದೊರೆಯದು.

ಇನ್ನು ನವವೃಂದಾವನ. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ ಒಂಬತ್ತು ಯತಿಗಳ ವೃಂದಾವನಗಳು: ಪದ್ಮನಾಭತೀರ್ಥರು, ವ್ಯಾಸತೀರ್ಥರು, ರಾಯರ ಗುರುಗಳಾದ ಸುಧೀಂದ್ರತೀರ್ಥರು ಮೊದಲಾದವರದು. ಮಂತ್ರಾಲಯದಿಂದ ಒಂದು ಇಡೀ ದಿನವನ್ನು ಇದಕ್ಕೆ ಮೀಸಲಿಡಬೇಕು. 2019ರ ಜುಲೈನಲ್ಲಿ ನಿಧಿಯಾಸೆಯ ಕಿಡಿಗೇಡಿಗಳು ವ್ಯಾಸತೀರ್ಥರ ವೃಂದಾವನವನ್ನು ಕೆಡವಿದರು; ಭಕ್ತರೂ ಯತಿಗಳೂ ಸೇರಿ ಕೆಲವೇ ದಿನಗಳಲ್ಲಿ ಅದನ್ನು ಮರಳಿ ನಿಲ್ಲಿಸಿದರು. ಅಣೆಕಟ್ಟಿನಿಂದ ನೀರು ಬಿಟ್ಟ ದಿನಗಳಲ್ಲಿ ದೋಣಿ ನಿಲ್ಲುತ್ತದೆ. ಹೊರಡುವ ಮುನ್ನ ವಿಚಾರಿಸದೆ ಹೋದರೆ ದಡದಿಂದಲೇ ಕೈಮುಗಿದು ಬರಬೇಕಾದೀತು. ನಮಗೇ ಎರಡು ಸಲ ಹಾಗಾಗಿದೆ.

ಆದವಾನಿಯ ಹಾದಿ

ಮಂತ್ರಾಲಯದಿಂದ ಆದವಾನಿಗೆ ಸುಮಾರು 50 ಕಿಲೋಮೀಟರು. ಎಮ್ಮಿಗನೂರಿನ ಮೇಲೆ ಹೋಗುವುದು ಬಸ್ಸಿನ ದಾರಿ. ಎಮ್ಮಿಗನೂರು ನೇಕಾರರ ಊರು. ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘ ಒಂದು ಕಾಲಕ್ಕೆ ದೇಶದಲ್ಲಿಯೇ ಹೆಸರಾಗಿತ್ತು. 1954ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಇಂದು ಮಗ್ಗದ ಸದ್ದು ಕಡಿಮೆಯಾಗಿದೆ. ಹೊದಿಕೆಯನ್ನೋ ಸೀರೆಯನ್ನೋ ಕೊಳ್ಳುವವರು ಕೈಮಗ್ಗದ್ದನ್ನೇ ಕೇಳಿ ಕೊಳ್ಳಿ. ಪುಷ್ಯಮಾಸದ ನೀಲಕಂಠೇಶ್ವರ ಜಾತ್ರೆಗೆ ಗಡಿಯಾಚೆಯ ಜನವೂ ಬರುತ್ತಾರೆ.

ಸ್ವಂತ ಗಾಡಿಯಿದ್ದವರು ಮಾಧವರಂ ಕಡೆಯಿಂದ ಪೆದ್ದತುಂಬಳದ ಮೇಲೆ ಹೋಗುವುದು ಲೇಸು. ಪೆದ್ದತುಂಬಳ ಎಂದರೆ ನಮ್ಮ ಹಿರೇತುಂಬಳ. ಚಾಲುಕ್ಯರ ಕಾಲದಲ್ಲಿ ಇದೊಂದು ಮುಖ್ಯ ಪಟ್ಟಣ. ಹಳೆಯ ಗುಡಿಗಳು, ಜೈನ ಅವಶೇಷಗಳು, ಕನ್ನಡ ಶಾಸನಗಳು ಊರ ತುಂಬ ಚದುರಿವೆ. ಈಗ ಪಾರ್ಶ್ವಮಣಿ ಜೈನ ತೀರ್ಥವೆಂಬ ಹೊಸ ಕ್ಷೇತ್ರವೂ ಬೆಳೆದು ದೂರದ ಗುಜರಾತು, ರಾಜಸ್ಥಾನಗಳ ಯಾತ್ರಿಕರನ್ನು ಸೆಳೆಯುತ್ತಿದೆ. ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳನ್ನು ಒಟ್ಟುಗೂಡಿಸಿ ಪುರಾತತ್ವ ಇಲಾಖೆ ಹೊರತಂದ ದಕ್ಷಿಣ ಭಾರತದ ಶಾಸನಗಳ 9ನೆಯ ಸಂಪುಟದಲ್ಲಿ, ಅದರ ಮೊದಲ ಭಾಗ 1939ರದು, ಆದವಾನಿ ಆಲೂರು ತಾಲೂಕುಗಳ ಊರ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಇಲ್ಲಿ ಕನ್ನಡ ಎಂದಿನಿಂದ ಇದೆಯೆಂದು ಕೇಳುವವರಿಗೆ ನಾವು ತೋರಿಸುವುದು ಆ ಸಂಪುಟವನ್ನು. ಕಲ್ಲುಗಳ ಪಾಡು ಮಾತ್ರ ಬೇರೆ. ಸುಣ್ಣ ಬಳಿದು ಅಕ್ಷರ ಮುಚ್ಚಿಹೋದ, ಬಟ್ಟೆ ಒಗೆಯುವ ಹಾಸುಗಲ್ಲಾದ, ಹೊಸ ಗುಡಿಯ ತಳಪಾಯದೊಳಗೆ ತಲೆಕೆಳಗಾಗಿ ಸೇರಿದ ಶಾಸನಗಳನ್ನು ಈ ಸೀಮೆಯಲ್ಲಿ ನಾವೇ ಕಂಡಿದ್ದೇವೆ. ನೋಡಲು ಹೋದವರು ಅಕ್ಷರಗಳ ಮೇಲೆ ಸೀಮೆಸುಣ್ಣ ತಿಕ್ಕದೆ, ಬೆಳಿಗ್ಗೆ ಅಥವಾ ಸಂಜೆ ಬೆಳಕು ಓರೆಯಾಗಿ ಬಿದ್ದಾಗ ಚಿತ್ರ ತೆಗೆದುಕೊಂಡರೆ ಸಾಕು, ಚೆನ್ನಾಗಿ ಮೂಡುತ್ತವೆ.

ರೈಲಿನಲ್ಲಿ ಬರುವವರಿಗೆ ಕೋಸಿಗಿಯ ಗುಡ್ಡಗಳು ಕಿಟಕಿಯಿಂದಲೇ ಕಾಣಸಿಗುತ್ತವೆ. ಒಂದರ ಪಕ್ಕ ಒಂದು ನಿಂತ ಎರಡು ಬಂಡೆಗಳಿಗೆ ಅಕ್ಕತಂಗಿಯರೆಂದು ಹೆಸರು.

ಆದವಾನಿ

ತೆಲುಗಿನಲ್ಲಿ ಆದೋನಿ, ಕನ್ನಡದ ಬಾಯಲ್ಲಿ ಆದವಾನಿ. ನಾವು ಎರಡನೆಯದನ್ನೇ ಬರೆಯುತ್ತೇವೆ.

ಊರಿನ ಬೆನ್ನಿಗೆ ವೃತ್ತಾಕಾರವಾಗಿ ನಿಂತ ಐದು ಗುಡ್ಡಗಳ ಮೇಲೆ ಕೋಟೆ ಹಬ್ಬಿದೆ. ಬಾರಾಕಿಲ್ಲಾ, ತಾಲಿಬಂಡಾ ಎಂಬೆರಡು ಎಲ್ಲಕ್ಕಿಂತ ಎತ್ತರ. ಬಯಲಿನಿಂದ ಸುಮಾರು 800 ಅಡಿ. ವಿಜಯನಗರದ ಅರಸರಿಗೆ ಇದು ಪೂರ್ವದ ಗಟ್ಟಿ ನೆಲೆಗಳಲ್ಲೊಂದು. 1565ರ ರಕ್ಕಸತಂಗಡಿಯ ಕಾಳಗದ ನಂತರ ಮೂರೇ ವರ್ಷಗಳಲ್ಲಿ ಬಿಜಾಪುರದ ಆದಿಲ್‌ಶಾಹಿಗಳ ವಶವಾಯಿತು. ಅವರ ಕಾಲದಲ್ಲಿ ಇಲ್ಲಿ ದೀರ್ಘಕಾಲ ಆಡಳಿತ ನಡೆಸಿದ ಮಲಿಕ್ ರಹಮಾನ್ ಖಾನ್‌ನ ಗೋರಿ ತಾಲಿಬಂಡಾ ಗುಡ್ಡದ ಮೇಲಿದೆ. 1662ರಿಂದ ಆಳಿದ ಸಿದ್ದಿ ಮಸೂದ್ ಖಾನ್ ಕಟ್ಟಿಸಿದ್ದು ಶಾಹಿ ಜಾಮಿಯಾ ಮಸೀದಿ. ರಾಯರ ಕಥೆಯಲ್ಲಿ ಬರುವ ನವಾಬ ಇವನೇ ಎಂಬುದನ್ನು ಮಂತ್ರಾಲಯದಲ್ಲಿ ಕೇಳಿ ಬಂದವರು ಆದವಾನಿಯ ಮಸೀದಿಯ ಮುಂದೆ ನಿಂತಾಗ ಆ ಕಥೆಗೆ ಕಲ್ಲು ಗಾರೆಯ ಮೈ ಬರುತ್ತದೆ. ಮಂತ್ರಾಲಯಕ್ಕೆ ಬರುವವರಲ್ಲಿ ನೂರಕ್ಕೆ ಒಬ್ಬರೂ ಈ ಮಸೀದಿಯನ್ನು ನೋಡಿರಲಾರರೆಂಬುದು ನಮ್ಮ ಅಂದಾಜು. ಅದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಇದೇ ಮಸೀದಿಯ ಬಗ್ಗೆ ಹಳೆಯ ಬಳ್ಳಾರಿ ಗೆಜೆಟಿಯರ್ ಕಾಲದಿಂದ ನಡೆದುಬಂದ ಒಂದು ಐತಿಹ್ಯವಿದೆ. ಔರಂಗಜೇಬನ ಸೇನಾಪತಿ ಫಿರೋಜ್ ಜಂಗ್ ಕೋಟೆಯನ್ನು ಮುತ್ತಿದಾಗ ಮಸೂದ್ ಖಾನ್ ಸೋಲೊಪ್ಪಲಿಲ್ಲವಂತೆ. ಆಗ ಸೇನಾಪತಿ ಫಿರಂಗಿಗಳನ್ನು ಕೋಟೆಯ ಬದಲು ಮಸೀದಿಯತ್ತ ತಿರುಗಿಸಿದ. ತನ್ನ ಕೈಯಾರೆ ಕಟ್ಟಿಸಿದ ಮಸೀದಿ ಒಡೆಯುವುದನ್ನು ನೋಡಲಾರದೆ ಮಸೂದ್ ಖಾನ್ ಬಾಗಿಲು ತೆರೆದ. ಮೊಗಲರ ನಂತರ ನಿಜಾಮನ ಮನೆತನದ ಬಸಾಲತ್ ಜಂಗನ ಜಹಗೀರು. ಅವನ ಗೋರಿಯೂ ಊರಿನಲ್ಲಿದೆ. 1786ರಲ್ಲಿ ಟಿಪ್ಪು ಸುಲ್ತಾನ್ ಮುತ್ತಿಗೆ ಹಾಕಿ ಹಿಡಿದು ಕೋಟೆಯ ಗೋಡೆಗಳನ್ನು ಒಡೆಸಿದ. ಇಂದು ಮೇಲೆ ಹತ್ತಿದವರಿಗೆ ಕಾಣುವ ಪಾಳು ಆ ಮುತ್ತಿಗೆಯ ಗುರುತೂ ಹೌದು, ನಂತರದ ನಿರ್ಲಕ್ಷ್ಯದ ಗುರುತೂ ಹೌದು.

ಗುಡ್ಡ ಹತ್ತುವವರು ಸೂರ್ಯೋದಯಕ್ಕೆ ಮುಂಚೆ ಹೊರಡಿ. ನೆರಳಿಲ್ಲ, ದಾರಿಯ ಫಲಕಗಳಿಲ್ಲ, ಕುಡಿಯುವ ನೀರನ್ನು ಹೊತ್ತುಕೊಂಡೇ ಹೋಗಬೇಕು. ಒಬ್ಬರೇ ಹೋಗಬೇಡಿ, ಊರಿನ ಹುಡುಗರಲ್ಲಿ ಒಬ್ಬನನ್ನು ಜೊತೆಗೆ ಕರೆದುಕೊಂಡರೆ ಗಂಟೆಯ ಅಲೆದಾಟ ಉಳಿಯುತ್ತದೆ. ರಣಮಂಡಲ ಆಂಜನೇಯನ ಗುಡಿಯವರೆಗೆ ಮೆಟ್ಟಿಲುಗಳಿದ್ದು ಶನಿವಾರ ಮಂಗಳವಾರಗಳಲ್ಲಿ ಜನಸಂಚಾರವಿರುತ್ತದೆ. ವಯಸ್ಸಾದವರು ಅಲ್ಲಿಗೆ ನಿಲ್ಲಿಸಬಹುದು. ಅಲ್ಲಿಂದಲೇ ಊರು, ರಾಮಜಲ, ಆಚೆಗೆ ದಿಗಂತದವರೆಗೆ ಎರೆಭೂಮಿ ಕಾಣುತ್ತದೆ. ಆ ಎರೆಭೂಮಿಯೇ ಈ ಊರನ್ನು ಸಾಕಿದ್ದು. 1871ರಲ್ಲಿ ಮದರಾಸು ಮುಂಬಯಿಗಳನ್ನು ಜೋಡಿಸಿದ ರೈಲು ಇಲ್ಲಿ ಹಾದುಹೋದಂದಿನಿಂದ ಆದವಾನಿ ಹತ್ತಿಯ ಪೇಟೆಯಾಗಿ ಬೆಳೆಯಿತು. ಜಿನ್ನಿಂಗ್ ಗಿರಣಿಗಳು, ಎಣ್ಣೆ ಗಿರಣಿಗಳು ಎದ್ದವು. ಅಕ್ಟೋಬರಿನಿಂದ ಮುಂದೆ ನಾಲ್ಕೈದು ತಿಂಗಳು ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ರಾಶಿಗಳೇ ಗುಡ್ಡದಂತೆ. ಬೆಳಗಿನ ಹೊತ್ತು ಅಲ್ಲಿ ಸುಮ್ಮನೆ ನಿಂತರೆ ಸಾಕು: ದಲಾಲಿ ತೆಲುಗಿನಲ್ಲಿ ಕೂಗುತ್ತಾನೆ, ಹಮಾಲಿ ಉರ್ದುವಿನಲ್ಲಿ ಉತ್ತರಿಸುತ್ತಾನೆ, ಗಾಡಿ ಬಿಚ್ಚಿ ಕುಳಿತ ರೈತ ತನ್ನವನೊಡನೆ ಕನ್ನಡದಲ್ಲಿ ಲೆಕ್ಕ ಹಾಕುತ್ತಾನೆ.

ಮಹಾಯೋಗಿ ಲಕ್ಷ್ಮಮ್ಮ ಅವ್ವನ ಗುಡಿ ಪೇಟೆಯೊಳಗೇ ಇದೆ. ತೆಲುಗು ಮಾತಾಡುವವರೂ ಆಕೆಯನ್ನು ಕರೆಯುವುದು ಅವ್ವ ಎಂದೇ.

ತಿಂಡಿಯ ಮಾತು ಬಿಟ್ಟರೆ ಬರಹ ಅಪೂರ್ಣವಾದೀತು. ಮಂಡಕ್ಕಿಯನ್ನು ನೆನೆಸಿ ಹಿಂಡಿ, ಈರುಳ್ಳಿ ಹಸಿಮೆಣಸಿನಕಾಯಿ ಹಾಕಿ ಒಗ್ಗರಿಸಿ, ಮೇಲೆ ಪುಟಾಣಿ ಪುಡಿ ಉದುರಿಸಿ ಮೆಣಸಿನಕಾಯಿ ಬಜ್ಜಿಯ ಜೊತೆ ಕೊಡುವ ತಿಂಡಿಯನ್ನು ಇಲ್ಲಿನ ತೆಲುಗರು ಉಗ್ಗಾನಿ ಬಜ್ಜಿ ಎನ್ನುತ್ತಾರೆ. ಬಳ್ಳಾರಿ ರಾಯಚೂರುಗಳಲ್ಲಿ ಅದೇ ಒಗ್ಗರಣೆ ಮಿರ್ಚಿ. ಬೆಳಿಗ್ಗೆ ಒಂಬತ್ತರೊಳಗೆ ಹೋದರೆ ಬಿಸಿಯಾಗಿ ಸಿಗುತ್ತದೆ. ಮಧ್ಯಾಹ್ನಕ್ಕೆ ಜೋಳದ ರೊಟ್ಟಿ, ಗುರೆಳ್ಳು ಪುಡಿ, ಶೇಂಗಾ ಪುಡಿ.

ಪಡುವಣ ಹಳ್ಳಿಗಳು

ಆದವಾನಿಯಿಂದ ಪಶ್ಚಿಮಕ್ಕೆ ತಿರುಗಿದರೆ ಕೌತಾಳ, ಹೊಳಗುಂದ, ಹಾಲಹರ್ವಿ ಮಂಡಲಗಳು. ಹೆಬ್ಬಟ, ಹನವಾಳು, ನೆರಣಿಕಿ, ಎಳ್ಳಾರ್ತಿ ಎಂದು ಊರ ಹೆಸರುಗಳನ್ನು ಓದುತ್ತ ಹೋದರೆ ಭಾಷೆಯ ಗಡಿ ಭೂಪಟದ ಗಡಿಯಲ್ಲಿ ನಿಲ್ಲುವುದಿಲ್ಲವೆಂಬುದು ತಾನಾಗಿ ತಿಳಿಯುತ್ತದೆ. ಫಲಕಗಳು ಮಾತ್ರ ತೆಲುಗಿನಲ್ಲಿರುತ್ತವೆ.

ಕೌತಾಳ ಮಂಡಲದ ಉರುಕುಂದ ಈರಣ್ಣನ ಗುಡಿ ಶ್ರಾವಣದಲ್ಲಿ ಕಿಕ್ಕಿರಿಯುತ್ತದೆ. ಸೋಮವಾರ ಗುರುವಾರಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳಗಳಿಂದ ಬಂದ ಟ್ರ್ಯಾಕ್ಟರುಗಳು, ಎತ್ತಿನ ಗಾಡಿಗಳು ಬಯಲಲ್ಲಿ ಬೀಡುಬಿಟ್ಟು ಒಲೆ ಹೂಡಿರುತ್ತವೆ. ಗುಡಿ ನೋಡಲಷ್ಟೇ ಬರುವವರು ಬೇರೆ ತಿಂಗಳಲ್ಲಿ ಬನ್ನಿ. ಜನವನ್ನು ನೋಡಬಯಸುವವರು ಶ್ರಾವಣದಲ್ಲಿಯೇ ಬನ್ನಿ. ಎಳ್ಳಾರ್ತಿಯ ದರ್ಗಾದ ಉರುಸಿಗೂ ಜಾತಿಮತ ನೋಡದೆ ಜನ ಸೇರುತ್ತಾರೆ.

ದೇವರಗಟ್ಟಿನ ಹೆಸರು ವರ್ಷಕ್ಕೊಮ್ಮೆ ಪತ್ರಿಕೆಗಳಲ್ಲಿ ಬರುತ್ತದೆ. ವಿಜಯದಶಮಿಯ ರಾತ್ರಿ ಗುಡ್ಡದ ಮೇಲಿನ ಮಾಳಮಲ್ಲೇಶ್ವರನ ಉತ್ಸವಮೂರ್ತಿಯ ಸುತ್ತ ಹಳ್ಳಿಗಳ ಗುಂಪುಗಳು ದೀವಟಿಗೆಯ ಬೆಳಕಿನಲ್ಲಿ ದೊಣ್ಣೆಗಳಿಂದ ಬಡಿದಾಡುವ ಬನ್ನಿ ಉತ್ಸವ ಅದು. ಪ್ರತಿವರ್ಷ ತಲೆ ಒಡೆಯುತ್ತದೆ, ಸಾವುಗಳೂ ಆಗಿವೆ. ಪೊಲೀಸರ ಕಾವಲು, ತಿಳಿವಳಿಕೆಯ ಸಭೆಗಳು ಯಾವುದೂ ಅದನ್ನು ನಿಲ್ಲಿಸಿಲ್ಲ. ಇದು ಭಕ್ತಿಯೆಂದು ಆ ಹಳ್ಳಿಗಳವರು ಹೇಳುತ್ತಾರೆ. ಅವರ ನಂಬಿಕೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ನೋಟಕ್ಕೆಂದು ಹೆಂಡಿರು ಮಕ್ಕಳನ್ನು ಕರೆದುಕೊಂಡು ಆ ರಾತ್ರಿ ಹೋಗಬೇಡಿರೆಂದು ಸ್ಪಷ್ಟವಾಗಿ ಹೇಳುತ್ತೇವೆ. ಬೇರೆ ಯಾವ ದಿನ ಹೋದರೂ ಗುಡ್ಡ ನಿಶ್ಶಬ್ದವಾಗಿ, ಸುಂದರವಾಗಿ ಇರುತ್ತದೆ. ಭಂಡಾರದ ಹಳದಿ, ಬಡಿದಾಟದ ಮರುಬೆಳಗಿನ ಕಾರಣಿಕದ ನುಡಿ ಇವೆಲ್ಲ ಮೈಲಾರಲಿಂಗನ ಪರಂಪರೆಯನ್ನು ಬಲ್ಲ ಕನ್ನಡಿಗರಿಗೆ ಹೊಸತೆನಿಸವು.

ಈ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ದಾರಿಯಲ್ಲಿ ಕಂಡರೆ ಗಾಡಿ ನಿಲ್ಲಿಸಿ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಐದು ನಿಮಿಷ ಒಳಗೆ ಹೋಗಿ ಬನ್ನಿ. ಮಂತ್ರಾಲಯದ ಹಾದಿಯಲ್ಲಿ ಸಾವಿರಾರು ಕನ್ನಡಿಗರು ಓಡಾಡುವುದನ್ನು ಬಲ್ಲ ಆ ಮಕ್ಕಳ ಮುಂದೆ ಅವರಲ್ಲಿ ಒಬ್ಬರೂ ಬಂದು ನಿಲ್ಲುವುದಿಲ್ಲ. ಒಂದು ಶಾಲೆಯಲ್ಲಿ ನಾವು ಬೆಂಗಳೂರಿನಿಂದ ಬಂದ ದಂಪತಿಗಳನ್ನು ಕರೆದೊಯ್ದಾಗ ಹುಡುಗಿಯೊಬ್ಬಳು ಕೇಳಿದ ಮೊದಲ ಪ್ರಶ್ನೆ, ಅಲ್ಲಿಯೂ ನಮ್ಮ ಹಾಗೆಯೇ ಕನ್ನಡದಲ್ಲಿ ಓದುತ್ತಾರೇನ್ರೀ ಎಂದು. ಕೊಂಡೊಯ್ಯುವುದಾದರೆ ಮಿಠಾಯಿಗಿಂತ ಕಥೆಪುಸ್ತಕ ಒಳ್ಳೆಯದು. ಇಲ್ಲಿನ ಅಂಗಡಿಗಳಲ್ಲಿ ಕನ್ನಡದ ಮಕ್ಕಳ ಪುಸ್ತಕ ಸಿಗುವುದು ಕಷ್ಟ.

ತೆಂಕಣ ಹಾದಿ

ಆದವಾನಿಯಿಂದ ದಕ್ಷಿಣಕ್ಕೆ ಆಲೂರು, ಅದರಾಚೆ ಗುಂತಕಲ್ಲಿನ ದಿಕ್ಕಿನಲ್ಲಿ ಚಿಪ್ಪಗಿರಿ. ದಾಸಸಾಹಿತ್ಯವನ್ನು ಪ್ರೀತಿಸುವವರಿಗೆ ಈ ಬರಹದಲ್ಲಿ ಹೇಳಿದ ಎಲ್ಲ ಜಾಗಗಳಿಗಿಂತ ಇದು ಮಿಗಿಲು. ರಾಯಚೂರು ಜಿಲ್ಲೆಯ ಚೀಕಲಪರ್ವಿಯಲ್ಲಿ 1682ರಲ್ಲಿ ಹುಟ್ಟಿದ ವಿಜಯದಾಸರು ದೇಶವೆಲ್ಲ ಸುತ್ತಿ, ಕೊನೆಯ ದಿನಗಳನ್ನು ಕಳೆದು 1755ರ ಕಾರ್ತಿಕ ಶುದ್ಧ ದಶಮಿಯಂದು ದೇಹಬಿಟ್ಟದ್ದು ಇಲ್ಲಿ. ಸುಳಾದಿಗಳ ಪ್ರಕಾರಕ್ಕೆ ಅವರಷ್ಟು ಬೆಳೆ ಕೊಟ್ಟವರು ವಿರಳ. ಗೋಪಾಲದಾಸರಂತಹ ಶಿಷ್ಯರ ಮೂಲಕ ಆ ಪರಂಪರೆ ಮಾನವಿಯ ಜಗನ್ನಾಥದಾಸರವರೆಗೆ ಹರಿಯಿತು. ವಿಜಯದಾಸರ ಕಟ್ಟೆ, ಭೋಗೇಶ್ವರನ ಗುಡಿ, ಗುಡ್ಡದ ಮೇಲೆ ಹಳೆಯ ಬಸದಿ ನೋಡಬೇಕಾದವು. ಆರಾಧನೆಯ ದಿನಗಳಲ್ಲಿ ಭಜನಾ ಮಂಡಳಿಗಳು ಬಂದು ಹಾಡುತ್ತವೆ. ಉಳಿದ ದಿನಗಳಲ್ಲಿ ಅರ್ಚಕರ ಹೊರತು ಯಾರೂ ಇಲ್ಲದಿರಬಹುದು. ಊಟದ ವ್ಯವಸ್ಥೆಯನ್ನು ಗುಂತಕಲ್ಲಿನಲ್ಲಿಯೋ ಆಲೂರಿನಲ್ಲಿಯೋ ಮಾಡಿಕೊಂಡು ಹೋಗುವುದು ಒಳಿತು.

ಇನ್ನೂ ಪೂರ್ವಕ್ಕೆ, ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯಲ್ಲಿ ಎರ್ರಗುಡಿಯ ಅಶೋಕನ ಶಾಸನಗಳು. 1929ರಲ್ಲಿ ಭೂವಿಜ್ಞಾನಿ ಅನು ಘೋಷ್ ಇವನ್ನು ಗುರುತಿಸಿದರು. ಹದಿನಾಲ್ಕು ಪ್ರಧಾನ ಶಿಲಾಶಾಸನಗಳೂ ಲಘು ಶಾಸನವೂ ಒಂದೇ ಗುಡ್ಡದ ಬಂಡೆಗಳ ಮೇಲೆ ಸಿಗುವುದು ಅಪರೂಪ. ಲಘು ಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಮುಂದಿನವು ಬಲದಿಂದ ಎಡಕ್ಕೂ, ಎತ್ತು ಹೊಲ ಉಳುವಂತೆ ಸಾಗುತ್ತವೆ. ಮಸ್ಕಿಯನ್ನೂ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೆಗೊಳಗಳನ್ನೂ ನೋಡಿದವರು ಇದನ್ನೂ ಸೇರಿಸಿಕೊಂಡರೆ ಅಶೋಕನ ದಕ್ಷಿಣದ ಹೆಜ್ಜೆಗಳ ಒಂದು ಸುತ್ತು ಬಹುಮಟ್ಟಿಗೆ ಮುಗಿದಂತೆ. ಹತ್ತಿರದ ಜೊನ್ನಗಿರಿ, ತುಗ್ಗಲಿಗಳ ಹೊಲಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಜನ ತಲೆ ಬಗ್ಗಿಸಿ ನಡೆಯುತ್ತಿದ್ದರೆ ಅಚ್ಚರಿಪಡಬೇಡಿ. ಅವರು ವಜ್ರ ಹುಡುಕುತ್ತಿರುತ್ತಾರೆ. ಬಿತ್ತಿದ ಹೊಲವನ್ನು ತುಳಿದರೆ ರೈತ ಸುಮ್ಮನಿರುವುದಿಲ್ಲ. ನಿಮ್ಮ ಅದೃಷ್ಟಪರೀಕ್ಷೆ ಬದುವಿನ ಮೇಲೆಯೇ ಇರಲಿ.

ಪ್ರಯಾಣದ ವಿವರ

ಕಾರ್ತಿಕದಿಂದ ಮಾಘದವರೆಗೆ ಹವೆ ಹಿತ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕೋಟೆ, ಶಾಸನದ ಬಂಡೆ, ಪಂಚಮುಖಿ ಯಾವುದೂ ಆಗ ಹಗಲಿನಲ್ಲಿ ಸಾಧ್ಯವಿಲ್ಲ. ನಡುಗಡ್ಡೆಗಳಿಗೆ ಜುಲೈಯಿಂದ ಅಕ್ಟೋಬರಿನವರೆಗೆ ಹೋಗದಿರುವುದು ಕ್ಷೇಮ. ಮಂತ್ರಾಲಯಂ ರೋಡ್ ನಿಲ್ದಾಣ ಊರಿನಿಂದ ಸುಮಾರು 16 ಕಿಲೋಮೀಟರು ದೂರದ ತುಂಗಭದ್ರ ಎಂಬ ಹಳ್ಳಿಯಲ್ಲಿದೆ. ರಾಯಚೂರು ಗುಂತಕಲ್ ಮಾರ್ಗದ ರೈಲುಗಳು ನಿಲ್ಲುತ್ತವೆ, ರಾತ್ರಿ ಇಳಿಯುವವರು ಆಟೋ ದರವನ್ನು ಮೊದಲೇ ಮಾತಾಡಿಕೊಳ್ಳಬೇಕು. ಆದವಾನಿ ನಿಲ್ದಾಣ ಊರೊಳಗೇ ಇದೆ. ಕರ್ನಾಟಕದ ಸಾರಿಗೆ ಬಸ್ಸುಗಳು ರಾಯಚೂರು ಬಳ್ಳಾರಿಗಳಿಂದ ಮಂತ್ರಾಲಯಕ್ಕೆ ಬರುತ್ತವೆ. ಅಲ್ಲಿಂದ ಮುಂದೆ ಆದವಾನಿ, ಕೌತಾಳ, ಆಲೂರುಗಳಿಗೆ ಆಂಧ್ರದ ಬಸ್ಸುಗಳೇ. ಅವುಗಳ ಹಣೆಫಲಕ ತೆಲುಗಿನಲ್ಲಿರುತ್ತದೆ. ತೆಲುಗು ಓದಲು ಬಾರದವರು ಅಳುಕಬೇಕಿಲ್ಲ. ಅಕ್ಷರಗಳಲ್ಲಿ ಮುಕ್ಕಾಲು ಪಾಲು ಕನ್ನಡದ್ದನ್ನೇ ಹೋಲುತ್ತವೆ, ತಲೆಕಟ್ಟು ಮಾತ್ರ ಬೇರೆ. ಅದೂ ತಿಳಿಯದಿದ್ದರೆ ನಿಲ್ದಾಣದ ಕಟ್ಟೆಯ ಮೇಲೆ ಕುಳಿತ ಯಾರನ್ನಾದರೂ ಕನ್ನಡದಲ್ಲಿ ಕೇಳಿ; ಅವರು ಬಸ್ಸು ಬರುವವರೆಗೆ ನಿಮ್ಮ ಊರು, ಮಳೆ, ಬೆಳೆಗಳನ್ನೆಲ್ಲ ವಿಚಾರಿಸಿ, ಬಂದೊಡನೆ ಹತ್ತಿಸಿ ಕಳುಹಿಸುತ್ತಾರೆ.